ಬೆರಳಿಟ್ಟರೆ ಅರ್ಥ ಬರುತ್ತದೆ, ಪದ ಮಾತ್ರ ನೆನಪಲ್ಲಿ ಉಳಿಯುವುದಿಲ್ಲ. ಏನು ಮಾಡಲಿ?

ಪ್ರಶ್ನೆ: ಕೆಲವು ವರ್ಷದಿಂದ ಇಂಗ್ಲಿಷ್ ಕಾದಂಬರಿಗಳನ್ನು ಫೋನಿನಲ್ಲೇ ಓದುತ್ತಿದ್ದೇನೆ. ಗೊತ್ತಿಲ್ಲದ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ, ಕಥೆಯೂ ಅರ್ಥವಾಗುತ್ತದೆ. ಆದರೆ ಅದೇ ಪದ ನಾಲ್ಕು ಪುಟ ಆದಮೇಲೆ ಬಂದರೆ ಮತ್ತೆ ಬೆರಳಿಡಬೇಕು. ಆ್ಯಪ್‌ನಲ್ಲಿ ಸೇವ್ ಮಾಡಿದ ಪದಗಳೇ ಸಾವಿರ ದಾಟಿವೆ. ಮಾತಾಡುವಾಗ ಅದರಲ್ಲಿ ಒಂದೂ ಬಾಯಿಗೆ ಬರುವುದಿಲ್ಲ. ಡಿಕ್ಷನರಿ ಆಫ್ ಮಾಡಿ ಓದು ಅಂತ ಗೆಳತಿ ಹೇಳುತ್ತಾಳೆ. ಕನ್ನಡ ಅರ್ಥ ನೋಡಲೇಬೇಡ, ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ ನೋಡು ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಡಿಕ್ಷನರಿ ಆಫ್ ಮಾಡಬೇಡಿ. ಕನ್ನಡ ಅರ್ಥ ನೋಡುವುದನ್ನೂ ಬಿಡಬೇಡಿ. ಬದಲಾಗಬೇಕಾದದ್ದು ಬೆರಳಿಡುವ ಮುಂಚಿನ ಕೆಲವು ಕ್ಷಣ, ಮತ್ತು ಪುಸ್ತಕ ಮುಚ್ಚಿದ ಮೇಲಿನ ಕೆಲವು ನಿಮಿಷ. ಹೇಗೆ ಅಂತ ಹೇಳುವ ಮೊದಲು ನಿಮ್ಮ ಗೆಳತಿಯ ಮಾತನ್ನು ಸ್ವಲ್ಪ ನೋಡೋಣ. ತುಂಬಾ ಜನ ಅದನ್ನೇ ನಂಬಿದ್ದಾರೆ.

ಯಾವ ಸಹಾಯವೂ ಇಲ್ಲದೆ ಕಷ್ಟಪಟ್ಟು ಓದಿದರೆ ಪದಗಳು ತಾವಾಗಿಯೇ ಗಟ್ಟಿಯಾಗುತ್ತವೆ ಅನ್ನುವುದು ಆ ನಂಬಿಕೆ. ಪ್ರಯೋಗ ಮಾಡಿ ನೋಡಿದವರಿಗೆ ಹಾಗೆ ಕಂಡಿಲ್ಲ. 2020ರಲ್ಲಿ ಯಾನಗಿಸಾವಾ, ವೆಬ್ ಮತ್ತು ಉಚಿಹಾರಾ ಎಂಬ ಮೂವರು ಸಂಶೋಧಕರು ಈ ವಿಷಯದ 42 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕಷ್ಟದ ಪದಗಳಿಗೆ ಅರ್ಥ ಕೊಟ್ಟಿದ್ದ ಬರಹ ಓದಿದವರು, ಓದಿದ ಕೂಡಲೇ ನಡೆದ ಪರೀಕ್ಷೆಯಲ್ಲಿ ಹೊಸ ಪದಗಳ ಪೈಕಿ ಸುಮಾರು ಶೇ 45ರಷ್ಟು ಕಲಿತಿದ್ದರು. ಅರ್ಥ ಕೊಡದ ಬರಹ ಓದಿದವರು ಕಲಿತದ್ದು ಸುಮಾರು ಶೇ 27. ಸ್ವಲ್ಪ ಕಾಲ ಬಿಟ್ಟು ಮತ್ತೆ ಪರೀಕ್ಷಿಸಿದಾಗ ಈ ಅಂಕಿಗಳು ಶೇ 33 ಮತ್ತು ಶೇ 20ಕ್ಕೆ ಇಳಿದವು. ಇಬ್ಬರೂ ಮರೆತರು, ನಿಜ. ಆದರೆ ಅರ್ಥ ನೋಡುತ್ತಾ ಓದಿದವರೇ ಆಗಲೂ ಮುಂದಿದ್ದರು.

ಹಾಗಾದರೆ ಸುಮ್ನೆ ಓದುತ್ತಾ ಹೋದರೆ ಏನೂ ಬರುವುದಿಲ್ಲವೇ? ಬರುತ್ತದೆ, ಆದರೆ ಬಹಳ ನಿಧಾನ. ವೇರಿಂಗ್ ಮತ್ತು ತಕಾಕಿ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಇಂಗ್ಲಿಷ್ ಕಲಿಯುತ್ತಿದ್ದ ಜಪಾನಿನ ಓದುಗರಿಗೆ ಒಂದು ಸರಳ ಕಥೆ ಕೊಟ್ಟರು. ಅದರಲ್ಲಿ 25 ಪದಗಳ ಜಾಗದಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವೇ ಇಲ್ಲದ ಹೊಸ ಪದಗಳನ್ನು ಹಾಕಿದ್ದರು. ಮೂರು ತಿಂಗಳ ನಂತರ ಕೇಳಿದರೆ, ಆ 25ರಲ್ಲಿ ಸರಾಸರಿ ಒಂದೇ ಒಂದು ಪದದ ಅರ್ಥ ಅವರಿಗೆ ನೆನಪಿತ್ತು. ಕಥೆಯಲ್ಲಿ ಎಂಟು ಸಲಕ್ಕಿಂತ ಕಡಿಮೆ ಬಂದಿದ್ದ ಪದಗಳ ಅರ್ಥವಂತೂ ಯಾರಿಗೂ ಉಳಿದಿರಲಿಲ್ಲ. ನಿಮಗೆ ಆಗುತ್ತಿರುವುದು ನಿಮ್ಮೊಬ್ಬರ ದೋಷವಲ್ಲ ಅಂತ ಇದನ್ನು ಹೇಳುತ್ತಿದ್ದೇನೆ. ಎಲ್ಲರ ಮನಸ್ಸೂ ಹೀಗೇ ಕೆಲಸ ಮಾಡುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅರ್ಥ ನೋಡಿದರೂ ಯಾಕೆ ಉಳಿಯುತ್ತಿಲ್ಲ?

ಲಾಫರ್ ಮತ್ತು ಹುಲ್ಸ್ಟೈನ್ ಎಂಬ ಇಬ್ಬರು ವಿದ್ವಾಂಸರು 2001ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ನನಗೆ ಅದು ಈಗಲೂ ತುಂಬಾ ಉಪಯೋಗಕ್ಕೆ ಬರುತ್ತದೆ. ಒಂದು ಪದ ಮನಸ್ಸಿನಲ್ಲಿ ಎಷ್ಟು ಕೂರುತ್ತದೆ ಅನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ ಅನ್ನುತ್ತಾರೆ ಅವರು. ಆ ಪದ ನಿಮಗೆ ನಿಜವಾಗಿ ಬೇಕಾಗಿತ್ತೇ? ಅದರ ಅರ್ಥಕ್ಕಾಗಿ ನೀವು ಹುಡುಕಿದಿರೇ? ಸಿಕ್ಕ ಅರ್ಥ ಈ ವಾಕ್ಯಕ್ಕೆ ಹೊಂದುತ್ತದೆಯೇ ಅಂತ ತೂಗಿ ನೋಡಿದಿರೇ? ನೀವು ಕಥೆ ಓದುತ್ತಿರುವಾಗ ಮೊದಲನೆಯದು ಇದ್ದೇ ಇರುತ್ತದೆ. ಎರಡನೆಯದನ್ನು ಫೋನು ಬಹುಪಾಲು ತಾನೇ ಮಾಡಿಕೊಡುತ್ತದೆ. ಉಳಿಯುವುದು ಮೂರನೆಯದು, ತೂಗಿ ನೋಡುವುದು. ಚಿಕ್ಕ ಪೆಟ್ಟಿಗೆಯಲ್ಲಿ ಕಂಡ ಮೊದಲ ಅರ್ಥವನ್ನು ಓದಿ ಮುಂದಕ್ಕೆ ಹೋದರೆ ಅದೂ ತಪ್ಪಿಹೋಗುತ್ತದೆ. ಕಥೆ ಸಾಗುತ್ತದೆ. ಪದದ ಬಗ್ಗೆ ಮನಸ್ಸು ಏನೂ ಮಾಡಿರುವುದಿಲ್ಲ.

ಒಂದು ವಾಕ್ಯ ತೆಗೆದುಕೊಂಡು ನೋಡೋಣ. ‘ಶಿ ಟೆಂಡರ್ಡ್ ಹರ್ ರೆಸಿಗ್ನೇಷನ್ ದ ನೆಕ್ಸ್ಟ್ ಮಾರ್ನಿಂಗ್’ ಅಂತ ಪುಟದಲ್ಲಿದೆ ಅಂದುಕೊಳ್ಳಿ. ನಿಮಗೆ ‘ಟೆಂಡರ್ಡ್’ ಗೊತ್ತಿಲ್ಲ. ತಕ್ಷಣ ಬೆರಳಿಟ್ಟರೆ ಹೆಚ್ಚಿನ ಡಿಕ್ಷನರಿಗಳು ‘ಟೆಂಡರ್’ ಪದಕ್ಕೆ ಹೋಗುತ್ತವೆ, ಮೊದಲಿಗೆ ಮೃದು, ಎಳೆಯ, ಕೋಮಲ ಅಂತ ತೋರಿಸುತ್ತವೆ. ಇಲ್ಲಿ ಅದು ಹೊಂದುವುದಿಲ್ಲ. ಆದರೆ ಕಥೆಯ ಓಟದಲ್ಲಿ ‘ಏನೋ ಮೆಲ್ಲಗೆ ರಾಜೀನಾಮೆ ಕೊಟ್ಟಳು’ ಅಂತ ಅಂದುಕೊಂಡು ನೀವು ಮುಂದೆ ಹೋಗಿಬಿಡಬಹುದು. ಅವಳು ಕೆಲಸ ಬಿಟ್ಟಳು ಅನ್ನುವುದು ತಿಳಿಯಿತು, ಕಥೆಗೆ ಅಷ್ಟು ಸಾಕು. ಪದ ಮಾತ್ರ ತಪ್ಪಾಗಿ ಒಳಗೆ ಹೋಯಿತು. ಅಥವಾ ಹೋಗಲೇ ಇಲ್ಲ.

ಇದನ್ನೇ ಬೇರೆ ಥರ ಮಾಡಿ. ಬೆರಳು ಎತ್ತಿ ಹಿಡಿಯಿರಿ. ರಾಜೀನಾಮೆಯನ್ನು ಏನು ಮಾಡುತ್ತಾರೆ? ಕೊಡುತ್ತಾರೆ, ಸಲ್ಲಿಸುತ್ತಾರೆ, ಇಲ್ಲವೇ ವಾಪಸ್ ತೆಗೆದುಕೊಳ್ಳುತ್ತಾರೆ. ಹಿಂದಿನ ಪುಟದಲ್ಲಿ ಅವಳಿಗೂ ಮ್ಯಾನೇಜರಿಗೂ ಜಗಳ ಆಗಿತ್ತು. ಹಾಗಾದರೆ ‘ಸಲ್ಲಿಸಿದಳು’ ಇರಬೇಕು. ಇಷ್ಟು ಊಹೆ ಮಾಡಿ ಆಮೇಲೆ ಬೆರಳಿಡಿ. ಮೊದಲ ಅರ್ಥ ‘ಮೃದು’ ಅಂತ ಬಂದರೆ ನೀವೇ ಅದನ್ನು ತಳ್ಳಿಹಾಕಿ ಕೆಳಗೆ ಸರಿಸುತ್ತೀರಿ. ಕ್ರಿಯಾಪದದ ಅರ್ಥದಲ್ಲಿ ‘ವಿಧಿವತ್ತಾಗಿ ಸಲ್ಲಿಸು’ ಅಂತ ಸಿಗುತ್ತದೆ. ಗುತ್ತಿಗೆಗೆ ಟೆಂಡರ್ ಹಾಕುವುದು ಅಂತ ನಾವು ದಿನವೂ ಹೇಳುವ ಮಾತೂ ಇದೇ ಪದ ಅಂತ ಆಗ ಹೊಳೆಯುತ್ತದೆ. ಇಷ್ಟೆಲ್ಲಾ ಆಗುವುದಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಬೇಡ. ಆದರೆ ಆ ಹೊತ್ತಿನಲ್ಲಿ ನೀವು ಊಹಿಸಿದಿರಿ, ಆರಿಸಿದಿರಿ, ಹಳೆಯದೊಂದಕ್ಕೆ ಗಂಟು ಹಾಕಿದಿರಿ. ಪದ ಉಳಿಯುವುದು ಇದರಿಂದ.

ಹಾಗಂತ ಬರೀ ಊಹೆಯ ಮೇಲೆ ನಿಲ್ಲಬೇಡಿ. ತಾನೇ ಊಹಿಸಿದ ಅರ್ಥ ಯಾರೋ ಹೇಳಿದ ಅರ್ಥಕ್ಕಿಂತ ಚೆನ್ನಾಗಿ ನೆನಪಿರುತ್ತದೆ ಅಂತ 1990ರ ದಶಕದ ಆರಂಭದಲ್ಲೇ ಹುಲ್ಸ್ಟೈನ್ ತೋರಿಸಿದ್ದರು. ತೊಂದರೆ ಏನೆಂದರೆ, ಊಹೆ ತಪ್ಪಾದರೆ ಆ ತಪ್ಪು ಕೂಡ ಅಷ್ಟೇ ಚೆನ್ನಾಗಿ ನೆನಪಿರಬಹುದು. ಸುತ್ತಲಿನ ವಾಕ್ಯ ಯಾವಾಗಲೂ ಸುಳಿವು ಕೊಡುವುದಿಲ್ಲ. ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಅದಕ್ಕೇ ಊಹೆ ಮೊದಲು, ಬೆರಳು ಆಮೇಲೆ. ಹಳೆಯ ದಪ್ಪ ಡಿಕ್ಷನರಿ ಕಾಲದಲ್ಲಿ ಪ್ರತಿ ಊಹೆಯನ್ನೂ ಹೀಗೆ ಪರೀಕ್ಷಿಸಿ ನೋಡಲು ಯಾರಿಗೂ ತಾಳ್ಮೆ ಇರುತ್ತಿರಲಿಲ್ಲ. ಈಗ ಅದು ಕ್ಷಣದ ಕೆಲಸ. ಫೋನು ನಿಮಗೆ ಕೊಟ್ಟಿರುವ ದೊಡ್ಡ ಅನುಕೂಲ ಇದೇ ಅಂತ ನಾನು ಖಂಡಿತವಾಗಿ ನಂಬಿದ್ದೇನೆ.

ಮೇಲೆ ಹೇಳಿದ 2020ರ ಲೆಕ್ಕಾಚಾರದಲ್ಲಿ ಇನ್ನೊಂದು ಸಂಗತಿಯೂ ಹೊರಬಂತು. ಒಂದೇ ಅರ್ಥ ಕೊಡುವುದಕ್ಕಿಂತ, ಕೆಲವು ಅರ್ಥ ಕೊಟ್ಟು ಸರಿಯಾದದ್ದನ್ನು ಆರಿಸಲು ಬಿಡುವ ಟಿಪ್ಪಣಿಗಳಿಂದ ಜಾಸ್ತಿ ಕಲಿಕೆ ಆಗಿತ್ತು. ನಿಮ್ಮ ಆ್ಯಪ್ ಹಾಗೆ ಕೊಡದೇ ಇರಬಹುದು. ಆದರೆ ಐದಾರು ಅರ್ಥ ತೋರಿಸುವ ಡಿಕ್ಷನರಿ ಇದ್ದರೆ ಅದೇ ಕೆಲಸ ಆಗುತ್ತದೆ. ಆರಿಸುವ ಜವಾಬ್ದಾರಿ ನಿಮ್ಮದು, ಅಷ್ಟೆ. ಅದಕ್ಕೇ ಒಂದೇ ಸಾಲಿನ ಅರ್ಥ ತೋರಿಸುವ ಸೆಟ್ಟಿಂಗ್ ಇದ್ದರೆ ಬದಲಾಯಿಸಿ, ಪೂರ್ತಿ ವಿವರ ಬರುವ ಹಾಗೆ ಇಟ್ಟುಕೊಳ್ಳಿ.

ಇಲ್ಲೊಂದು ಸಣ್ಣ ಎಚ್ಚರಿಕೆ. ಬೆರಳಿಟ್ಟಾಗ ಸಾಮಾನ್ಯವಾಗಿ ಒಂದೇ ಪದ ಆಯ್ಕೆಯಾಗುತ್ತದೆ. ‘ಪುಟ್ ಅಪ್ ವಿತ್’ ಅನ್ನುವಲ್ಲಿ ‘ಪುಟ್’ ಮಾತ್ರ ಒತ್ತಿದರೆ ‘ಇಡು’ ಅಂತ ಬರುತ್ತದೆ, ‘ಸಹಿಸಿಕೊಳ್ಳು’ ಅಂತ ಬರುವುದಿಲ್ಲ. ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಅರ್ಥವಾಗದಿದ್ದರೆ ಅಲ್ಲಿ ಇಂಥದ್ದೇನೋ ಇದೆ ಅಂತ ಲೆಕ್ಕ. ಆಯ್ಕೆಯ ಗುರುತನ್ನು ಎಳೆದು ಪೂರ್ತಿ ಮೂರು ಪದವನ್ನೂ ಸೇರಿಸಿ ಹುಡುಕಿ.

ಕನ್ನಡ ಅರ್ಥವೋ ಇಂಗ್ಲಿಷ್ ಅರ್ಥವೋ ಅನ್ನುವುದಕ್ಕೂ ಅದೇ ಲೆಕ್ಕಾಚಾರದಲ್ಲಿ ಉತ್ತರ ಇದೆ. ಕಲಿಯುವವರ ಸ್ವಂತ ಭಾಷೆಯಲ್ಲಿ ಅರ್ಥ ಕೊಟ್ಟಾಗ, ಕಲಿಯುವ ಭಾಷೆಯಲ್ಲೇ ಕೊಟ್ಟಾಗ ಕಲಿತದ್ದಕ್ಕಿಂತ ಜಾಸ್ತಿ ಪದ ಕಲಿತಿದ್ದರು. ಇದರಲ್ಲಿ ಆಶ್ಚರ್ಯವಿಲ್ಲ. ಒಂದು ಪದದ ಅರ್ಥ ನೋಡಲು ಹೋಗಿ, ಆ ಅರ್ಥದಲ್ಲಿರುವ ಇನ್ನೆರಡು ಪದ ಗೊತ್ತಿಲ್ಲದೆ ಕೂರುವ ಕಷ್ಟ ನಿಮಗೆ ಗೊತ್ತೇ ಇದೆ, ಅಲ್ವಾ? ಕನ್ನಡದಲ್ಲಿ ಯೋಚಿಸುವುದು ಕಲಿಕೆಗೆ ಅಡ್ಡಿ ಅಂತ ಹೇಳಿ ಹೇಳಿ ಎಷ್ಟೋ ಜನರನ್ನು ಓದುವುದರಿಂದಲೇ ದೂರ ಮಾಡಿದ್ದೇವೆ. ನನಗೆ ಅದರ ಬಗ್ಗೆ ನಿಜಕ್ಕೂ ಬೇಸರವಿದೆ. ತಾಯ್ನುಡಿಯಲ್ಲಿ ಅರ್ಥ ತಿಳಿದುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೂ ಇಂಗ್ಲಿಷ್ ಅರ್ಥಕ್ಕೆ ಅದರದೇ ಕೆಲಸ ಇದೆ. ಎರಡು ಹತ್ತಿರದ ಪದಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ಬೇಕಾದಾಗ, ಪದವನ್ನು ವಾಕ್ಯದಲ್ಲಿ ಹೇಗೆ ಬಳಸುತ್ತಾರೆ ಅಂತ ನೋಡಬೇಕಾದಾಗ ಅದು ಬೇಕು. ಆಗ ಮಾಮೂಲಿ ಡಿಕ್ಷನರಿ ಬೇಡ, ಕಲಿಯುವವರಿಗಾಗಿಯೇ ಮಾಡಿದ್ದನ್ನು ತೆರೆಯಿರಿ. ಇಂಥವುಗಳಲ್ಲಿ ಅರ್ಥ ವಿವರಿಸುವುದಕ್ಕೆ ಸುಲಭದ ಪದಗಳನ್ನೇ ಬಳಸುತ್ತಾರೆ. 1978ರಲ್ಲಿ ಬಂದ ಲಾಂಗ್‌ಮನ್ ಸಂಸ್ಥೆಯ ಡಿಕ್ಷನರಿ ಸುಮಾರು 2,000 ಪದಗಳಲ್ಲೇ ಎಲ್ಲ ಅರ್ಥಗಳನ್ನೂ ವಿವರಿಸಿತ್ತು. ಆಮೇಲೆ ಉಳಿದವರೂ ಇದೇ ದಾರಿ ಹಿಡಿದರು. ಕನ್ನಡದಲ್ಲಿ ಅರ್ಥ ತಿಳಿದುಕೊಂಡು, ಇಂಗ್ಲಿಷ್ ಡಿಕ್ಷನರಿಯಲ್ಲಿ ಒಂದು ಉದಾಹರಣೆ ವಾಕ್ಯ ನೋಡಿ. ಎರಡೂ ಕೈಗೆಟಕುವಾಗ ಒಂದನ್ನು ಯಾಕೆ ಬಿಡಬೇಕು?

ನೀವು ಕೇಳದೇ ಇದ್ದರೂ ಪುಸ್ತಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಪುಟಕ್ಕೆ ಎಷ್ಟು ಸಲ ಬೆರಳಿಡುತ್ತೀರಿ? ನ್ಯೂಜಿಲೆಂಡಿನ ಭಾಷಾ ವಿದ್ವಾಂಸ ಪಾಲ್ ನೇಷನ್ ಮತ್ತು ಅವರ ಜೊತೆಗಾರರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಯಾರ ಸಹಾಯವೂ ಇಲ್ಲದೆ ಒಂದು ಕಥೆಯನ್ನು ಆರಾಮಾಗಿ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಅದರ ಪದಗಳಲ್ಲಿ ಸುಮಾರು ಶೇ 98 ಮೊದಲೇ ಗೊತ್ತಿರಬೇಕು ಅನ್ನುವುದು ಅವರ ಅಂದಾಜು. ಅಂದರೆ ನೂರು ಪದಕ್ಕೆ ಎರಡು ಮಾತ್ರ ಹೊಸದು. ಶೇ 80 ಮಾತ್ರ ಗೊತ್ತಿದ್ದ ಓದುಗರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ಅರ್ಥವಾಗಲಿಲ್ಲ ಅಂತ 2000ನೇ ಇಸವಿಯ ಅವರ ಪ್ರಯೋಗದಲ್ಲಿ ಕಂಡಿತ್ತು. ದೊಡ್ಡವರಿಗಾಗಿ ಬರೆದ ಇಂಗ್ಲಿಷ್ ಕಾದಂಬರಿಗಳಲ್ಲಿ ಆ ಶೇ 98 ಮುಟ್ಟಬೇಕಾದರೆ ಎಂಟೊಂಬತ್ತು ಸಾವಿರ ಪದಕುಟುಂಬಗಳು ಗೊತ್ತಿರಬೇಕಾಗುತ್ತದೆ. ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು, ಎಲ್ಲ ಸೇರಿ ಒಂದು ಕುಟುಂಬ ಅನ್ನುವ ಲೆಕ್ಕದಲ್ಲಿ.

ಬೆರಳಿಟ್ಟರೆ ಅರ್ಥ ಬರುವ ಸೌಕರ್ಯ ಇರುವುದರಿಂದ ಇದಕ್ಕಿಂತ ಸ್ವಲ್ಪ ಕಷ್ಟದ ಪುಸ್ತಕವನ್ನೂ ಓದಬಹುದು. ನೂರು ಪದಕ್ಕೆ ನಾಲ್ಕೈದು ಹೊಸದಿದ್ದರೂ ನಡೆದೀತು. ಆದರೆ ಸಾಲುಸಾಲಿಗೂ ಬೆರಳಿಡುತ್ತಿದ್ದರೆ ನಾನು ಹೇಳಿದ ಊಹೆ ಸಾಧ್ಯವೇ ಆಗುವುದಿಲ್ಲ, ಯಾಕಂದ್ರೆ ಊಹೆಗೆ ಆಧಾರವಾಗುವ ಸುತ್ತಲಿನ ಪದಗಳೇ ಗೊತ್ತಿರುವುದಿಲ್ಲ. ಅಂಥ ಪುಸ್ತಕವನ್ನು ಸದ್ಯಕ್ಕೆ ಬದಿಗಿಡಿ. ಕಲಿಯುವವರಿಗಾಗಿ ಸರಳ ಮಾಡಿ ಬರೆದ ಪುಸ್ತಕಗಳಿವೆ, ಹದಿಹರೆಯದವರ ಕಾದಂಬರಿಗಳಿವೆ. ಒಬ್ಬರೇ ಲೇಖಕರ ಪುಸ್ತಕಗಳನ್ನು ಒಂದಾದಮೇಲೆ ಒಂದು ಓದುವುದೂ ಒಳ್ಳೆಯದು. ಒಬ್ಬೊಬ್ಬ ಲೇಖಕರಿಗೂ ಇಷ್ಟದ ಪದಗಳಿರುತ್ತವೆ, ಅವು ಮತ್ತೆ ಮತ್ತೆ ಬರುತ್ತವೆ. ಆ ಮತ್ತೆ ಮತ್ತೆ ಬರುವುದೇ ನಮಗೆ ಬೇಕಾದದ್ದು.

ಇಡೀ ಪ್ಯಾರಾ ಅನುವಾದ ಮಾಡಿಕೊಡುವ ಬಟನ್ ಬಗ್ಗೆ ಇಷ್ಟೇ ಹೇಳುತ್ತೇನೆ. ಪದ ಕಲಿಯುವ ಉದ್ದೇಶ ಇದ್ದರೆ ಅದನ್ನು ಮುಟ್ಟಬೇಡಿ. ಅನುವಾದ ಕಣ್ಣಿಗೆ ಬಿದ್ದ ಕೂಡಲೇ ಕಣ್ಣು ಕನ್ನಡವನ್ನು ಓದುತ್ತದೆ, ಇಂಗ್ಲಿಷ್ ಅಲ್ಲೇ ಬಿದ್ದಿರುತ್ತದೆ. ಎಷ್ಟು ತಿರುಚಿ ನೋಡಿದರೂ ಬಗ್ಗದ ಒಂದು ವಾಕ್ಯ ಇದ್ದರೆ ಆ ಒಂದು ವಾಕ್ಯಕ್ಕೆ ಬಳಸಿ. ಅಮೆಜಾನಿನ ಇ-ಪುಸ್ತಕ ಓದುವ ಸಾಧನ ಕಿಂಡಲ್‌ನಲ್ಲಿ ಕಷ್ಟದ ಪದದ ಮೇಲ್ಗಡೆ ತಾನಾಗಿಯೇ ಚಿಕ್ಕ ಅರ್ಥ ಕಾಣಿಸುವ ವರ್ಡ್ ವೈಸ್ ಎಂಬ ಸೌಲಭ್ಯವೂ ಇದೆ. ವೇಗವಾಗಿ ಓದಿ ಕಥೆ ಮುಗಿಸಲು ಚೆನ್ನಾಗಿದೆ. ಆದರೆ ಕೇಳುವ ಮೊದಲೇ ಉತ್ತರ ಕಣ್ಣೆದುರಿಗಿರುವಾಗ ಊಹಿಸುವುದು ಎಲ್ಲಿ? ಪದ ಕಲಿಯುವುದಕ್ಕೆ ಅಂತ ಓದುವಾಗ ಅದನ್ನು ಆಫ್ ಮಾಡಿ. ಗೆಳತಿಯ ಮಾತಿನಲ್ಲಿ ಇಷ್ಟು ಪಾಲು ಸರಿ.

ಇನ್ನು ಆ ಸಾವಿರ ದಾಟಿದ ಪಟ್ಟಿ. ಅದರ ಬಹುಭಾಗವನ್ನು ಬಿಟ್ಟುಬಿಡಿ. ಸೇವ್ ಮಾಡಿದ ಕ್ಷಣ ‘ಇದು ನನ್ನದಾಯಿತು’ ಅಂತ ಮನಸ್ಸಿಗೆ ಅನ್ನಿಸುತ್ತದೆ, ಆದರೆ ಆ ಪಟ್ಟಿ ಇರುವುದು ಫೋನಿನ ನೆನಪಿನಲ್ಲಿ. ಒಂದು ಸಲ ನೋಡಿದ ಪ್ರತಿ ಪದವೂ ಕಲಿಯಲು ಯೋಗ್ಯವಲ್ಲ. ಹಡಗಿನ ಯಾವುದೋ ಭಾಗದ ಹೆಸರು, ಹಳೆಯ ಕಾಲದ ಉಡುಪಿನ ಹೆಸರು, ಇವನ್ನೆಲ್ಲ ಕಥೆಗೆ ಬೇಕಾದಷ್ಟು ತಿಳಿದು ಮರೆಯಬಹುದು. ಆರಿಸಲು ಒಂದು ಸುಲಭದ ದಾರಿ ಇದೆ. ಎರಡನೇ ಸಲ ಬೆರಳಿಟ್ಟ ಪದ ಯಾವುದು ನೋಡಿ. ಮತ್ತೆ ಎದುರಾಯಿತು ಅಂದರೆ ನೀವು ಓದುವ ಬರಹಗಳಲ್ಲಿ ಅದು ಆಗಾಗ ಬರುತ್ತದೆ. ಮತ್ತೆ ಬೆರಳಿಡಬೇಕಾಯಿತು ಅಂದರೆ ಅದು ಇನ್ನೂ ನಿಮಗೆ ಬಂದಿಲ್ಲ. ನಿಮ್ಮ ಪ್ರಶ್ನೆಯಲ್ಲಿ ‘ನಾಲ್ಕು ಪುಟ ಆದಮೇಲೆ ಮತ್ತೆ ಬೆರಳಿಡಬೇಕು’ ಅಂತ ಬೇಸರದಿಂದ ಬರೆದಿದ್ದೀರಲ್ಲ, ಆ ಪದಗಳೇ ನಿಮ್ಮ ನಿಜವಾದ ಪಟ್ಟಿ. ದಿನಕ್ಕೆ ಅಂಥ ಐದು ಪದ ಸಾಕು.

ಆ ಐದನ್ನು ಏನು ಮಾಡಬೇಕು? ಮತ್ತೆ ಮತ್ತೆ ಓದಬೇಡಿ. ಅರ್ಥ ಮುಚ್ಚಿ ನೆನಪು ಮಾಡಿಕೊಳ್ಳಿ. ಇವೆರಡೂ ಒಂದೇ ಅನ್ನಿಸಬಹುದು, ಆದರೆ ಅಜಗಜಾಂತರ ಇದೆ. ಅಮೆರಿಕದ ಕಾರ್ಪಿಕ್ ಮತ್ತು ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಸ್ವಾಹಿಲಿ ಭಾಷೆಯ 40 ಪದಗಳನ್ನು ಕಲಿಯಲು ಕೊಟ್ಟರು. ಒಂದು ಪದ ಒಮ್ಮೆ ಸರಿಯಾಗಿ ನೆನಪಾದ ಮೇಲೂ ಅದರ ಪರೀಕ್ಷೆ ಮುಂದುವರಿದವರಿಗೆ ವಾರದ ನಂತರ ಸುಮಾರು ಶೇ 80 ಪದ ನೆನಪಿತ್ತು. ಪರೀಕ್ಷೆ ನಿಲ್ಲಿಸಿ ಬರೀ ಓದುತ್ತಾ ಹೋದವರಿಗೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ವಾರದ ನಂತರ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಸುಮಾರು ಅರ್ಧದಷ್ಟು ಅಂತಲೇ ಹೇಳಿದ್ದರು. ಅಂದರೆ ಯಾವ ದಾರಿ ಕೆಲಸ ಮಾಡುತ್ತಿದೆ ಅನ್ನುವುದು ಕಲಿಯುವವರಿಗೇ ಗೊತ್ತಾಗಿರಲಿಲ್ಲ. ಪಟ್ಟಿಯ ಮೇಲೆ ಕಣ್ಣಾಡಿಸಿದಾಗ ‘ಇದು ಗೊತ್ತಲ್ಲ’ ಅನ್ನಿಸುವುದನ್ನು ನಂಬಬೇಡಿ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಹತ್ತಿರ ಇಲ್ಲ.

ಇದಕ್ಕೆ 2006ರಿಂದ ಇರುವ ಆಂಕಿಯಂಥ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳು ಸಹಾಯ ಮಾಡುತ್ತವೆ. ಫ್ಲ್ಯಾಶ್‌ಕಾರ್ಡ್ ಅಂದರೆ ಮುಂಭಾಗದಲ್ಲಿ ಪದ, ಹಿಂಭಾಗದಲ್ಲಿ ಅರ್ಥ ಇರುವ ಕಾರ್ಡ್. ನೆನಪಾದ ಕಾರ್ಡನ್ನು ಕೆಲವು ದಿನ ಬಿಟ್ಟು ತೋರಿಸುತ್ತವೆ, ಆಮೇಲೆ ಇನ್ನೂ ಜಾಸ್ತಿ ದಿನ ಬಿಟ್ಟು. ಮರೆತದ್ದನ್ನು ಬೇಗ ವಾಪಸ್ ತರುತ್ತವೆ. ಕಾರ್ಡ್ ನೀವೇ ಮಾಡಿ, ಯಾರೋ ಮಾಡಿಟ್ಟ ಸಾವಿರ ಕಾರ್ಡಿನ ಕಟ್ಟನ್ನು ಇಳಿಸಿಕೊಳ್ಳಬೇಡಿ. ಪದದ ಜೊತೆಗೆ ನೀವು ಓದಿದ ಆ ವಾಕ್ಯವೂ ಇರಲಿ. ಕಿಂಡಲ್‌ನ ವೊಕ್ಯಾಬುಲರಿ ಬಿಲ್ಡರ್ ನೀವು ಹುಡುಕಿದ ಪದದ ಜೊತೆ ವಾಕ್ಯವನ್ನೂ ಉಳಿಸಿಡುತ್ತದೆ, ಅದನ್ನೇ ನಕಲು ಮಾಡಬಹುದು.

ಮಾತಾಡುವಾಗ ಬಾಯಿಗೆ ಬರುವುದಿಲ್ಲ ಅಂದಿರಲ್ಲ, ಅದರ ಕಾರಣವೂ ಇಲ್ಲಿದೆ. ಓದುವಾಗ ನೀವು ಇಂಗ್ಲಿಷ್ ಪದ ನೋಡಿ ಅರ್ಥ ನೆನಪು ಮಾಡಿಕೊಳ್ಳುತ್ತೀರಿ. ಮಾತಾಡುವಾಗ ಅರ್ಥದಿಂದ ಹೊರಟು ಪದಕ್ಕೆ ಬರಬೇಕು. ಈ ಎರಡನೇ ದಾರಿಯಲ್ಲಿ ನೀವು ಒಮ್ಮೆಯೂ ನಡೆದಿಲ್ಲ. ಅದಕ್ಕೆ ಕಾರ್ಡನ್ನು ತಿರುಗಿಸಿ. ಮುಂಭಾಗದಲ್ಲಿ ‘ಮಾರನೇ ದಿನ ಬೆಳಿಗ್ಗೆ ಅವಳು ರಾಜೀನಾಮೆ ಸಲ್ಲಿಸಿದಳು’ ಅಂತ ಕನ್ನಡದಲ್ಲಿ ಬರೆಯಿರಿ. ಪೂರ್ತಿ ಇಂಗ್ಲಿಷ್ ವಾಕ್ಯವನ್ನು ಜೋರಾಗಿ ಹೇಳಿ, ಆಮೇಲೆ ಹಿಂಭಾಗ ನೋಡಿ. ಉಚ್ಚಾರಣೆ ಕೇಳಿಸುವ ಗುಂಡಿ ಇದ್ದರೆ ಹೇಳುವ ಮೊದಲು ಒಮ್ಮೆ ಒತ್ತಿ. ಇಂಗ್ಲಿಷಿನಲ್ಲಿ ಬರೆದಂತೆ ಓದಲು ಆಗುವುದಿಲ್ಲವಲ್ಲ. ಎಲ್ಲ ಪದಕ್ಕೂ ಇದನ್ನು ಮಾಡಬೇಕಾಗಿಲ್ಲ. ನೀವು ನಿಜವಾಗಿ ಆಡಿಯೇ ಆಡುತ್ತೀರಿ ಅನ್ನುವ ಪದಗಳಿಗೆ ಮಾತ್ರ ಮಾಡಿ. ಉಳಿದವು ಓದುವಾಗ ಗುರುತು ಸಿಕ್ಕರೆ ಸಾಕು.

ಇದೆಲ್ಲ ಸೇರಿ ಓದುವ ಖುಷಿ ಹೋಗಿಬಿಟ್ಟರೆ? ಹೋಗಬಾರದು. ರಾತ್ರಿ ಮಲಗುವ ಮುಂಚೆ ಕಥೆಗಾಗಿ ಓದುತ್ತಿದ್ದರೆ ಹೇಗೆ ಬೇಕೋ ಹಾಗೆ ಬೆರಳಿಟ್ಟು ಓದಿ, ಯಾವ ನಿಯಮವೂ ಬೇಡ. ದಿನದಲ್ಲಿ ಬೇರೆ ಹೊತ್ತಿನಲ್ಲಿ ಎರಡು ಮೂರು ಪುಟ ಮಾತ್ರ ‘ಊಹೆ ಮೊದಲು’ ಅಂತ ಓದಿ. ಕಾರ್ಡಿಗೆ ಐದು ನಿಮಿಷ. ಒಂದು ತಿಂಗಳಾದ ಮೇಲೆ, ಮೊದಲ ವಾರ ಮಾಡಿದ ಕಾರ್ಡುಗಳಲ್ಲಿ ಹತ್ತನ್ನು ತೆಗೆದು, ಅರ್ಥ ಮುಚ್ಚಿ, ಕಾಗದದ ಮೇಲೆ ಬರೆಯಿರಿ. ಜೊತೆಗೆ ನಿಮ್ಮ ಹಳೆಯ ಪಟ್ಟಿಯಿಂದಲೂ ಹತ್ತು ಪದ ತೆಗೆದು ಹಾಗೇ ಬರೆಯಿರಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಹೆಚ್ಚಾಗಿ ಪುಸ್ತಕ ನಿಮಗೆ ಇನ್ನೂ ಕಷ್ಟದ್ದಾಗಿದೆ. ಆಗ ಬೇರೇನೂ ಬದಲಾಯಿಸಬೇಡಿ, ಪುಸ್ತಕವನ್ನು ಮಾತ್ರ ಬದಲಾಯಿಸಿ ಇನ್ನೊಂದು ತಿಂಗಳು ನೋಡಿ.